ಮುಧೋಳ ನಾಯಿ ಮನೆಗೆ ಬರುವ ಮುಂಚೆ, ಬಂದ ಮೇಲೆ

ನಮ್ಮ ಮನೆಯ ನಾಯಿಯ ಹೆಸರು ರೊಟ್ಟಿ. ಮರಿಯಾಗಿದ್ದಾಗ ಬಣ್ಣ ಥೇಟ್ ಬಿಳಿಜೋಳದ ರೊಟ್ಟಿಯದ್ದೇ. ಬೆನ್ನ ಮೇಲೆ ಹಂಚಿನಲ್ಲಿ ಸೀದ ಹಾಗೆ ಎರಡು ಕಂದು ಮಚ್ಚೆ ಬೇರೆ. ಮಗಳು ತಮಾಷೆಗೆ ಇಟ್ಟ ಹೆಸರು ಹಾಗೇ ನಿಂತುಬಿಟ್ಟಿತು. ಧಾರವಾಡದ ಬೀದಿಯಲ್ಲಿ ಸಂಜೆ ಹೊತ್ತು "ರೊಟ್ಟಿ, ಬಾ" ಅಂತ ಕೂಗಿದರೆ ಈಗಲೂ ಯಾರಾದರೂ ತಿರುಗಿ ನೋಡುತ್ತಾರೆ. ಅವಳಿಗೀಗ ಏಳು ವರ್ಷ. ಮುಧೋಳ ತಳಿ.

ಈ ಏಳು ವರ್ಷದಲ್ಲಿ ಎಷ್ಟೋ ಜನ ನಮ್ಮ ಗೇಟಿನ ಹತ್ತಿರ ನಿಂತು ಕೇಳಿದ್ದಾರೆ: "ನಮಗೂ ಒಂದು ಮುಧೋಳ ಮರಿ ಬೇಕಿತ್ತು. ಮನೇಲಿ ಸಾಕೋಕಾಗುತ್ತಾ?" ಆಗುತ್ತೆ. ಆದರೆ ಒಂದು ವಿಷಯ ಮೊದಲೇ ತಲೆಗೆ ಹೋಗಬೇಕು. ಬೇರೆ ನಾಯಿಗಳು ಮೂಗಿನಿಂದ ಲೋಕ ನೋಡುತ್ತವೆ, ಇದು ಕಣ್ಣಿನಿಂದ. ನೆಲ ಮೂಸಿಕೊಂಡು ಜಾಡು ಹಿಡಿಯುವ ಕೆಲಸಕ್ಕೆ ಇದನ್ನು ಬೆಳೆಸಿದ್ದಲ್ಲ. ಬಯಲಿನಲ್ಲಿ ದೂರದ ಮೊಲ ಕಿವಿ ಅಲ್ಲಾಡಿಸಿದರೆ ಸಾಕು, ಕಂಡ ಕ್ಷಣವೇ ಬಿಟ್ಟ ಬಾಣದ ಹಾಗೆ ಹೊರಡಬೇಕು. ಅದಕ್ಕಾಗಿ ಬೆಳೆಸಿದ ತಳಿ ಇದು. ಗ್ರೇಹೌಂಡ್, ಸಲೂಕಿ, ತಮಿಳುನಾಡಿನ ಚಿಪ್ಪಿಪಾರೈ, ಉತ್ತರದ ರಾಂಪುರ್ ಹೌಂಡ್, ಎಲ್ಲವೂ ಇದೇ ಬಳಗದವು, ಇಂಗ್ಲಿಷಿನಲ್ಲಿ ಸೈಟ್‌ಹೌಂಡ್ ಅನ್ನುತ್ತಾರೆ. ಇಂಥ ನಾಯಿಯನ್ನು ಸಾಕುವುದರಲ್ಲಿ ಅರ್ಧ ಕೆಲಸ ಅದರ ಕಣ್ಣನ್ನು ಕಾಯುವುದು. ಇನ್ನರ್ಧ ಅದರ ತೆಳುವಾದ ಮೈಯನ್ನು ಕಾಯುವುದು.

ಹೆಜ್ಜೆ 1: ತರುವ ಮುಂಚೆ ಮನೆಯವರೆಲ್ಲ ಕೂತು ಮಾತಾಡಿ

"ಓಡೋ ನಾಯಿ ಅಲ್ವಾ, ಎಕರೆಗಟ್ಟಲೆ ಹೊಲ ಬೇಕೇನೋ" ಅಂತ ಜನ ಹೆದರುತ್ತಾರೆ. ಹಾಗೇನಿಲ್ಲ. ರೊಟ್ಟಿ ದಿನದಲ್ಲಿ ಜಾಸ್ತಿ ಹೊತ್ತು ಮಲಗಿಯೇ ಇರುತ್ತಾಳೆ. ಅದೂ ಬೆನ್ನ ಮೇಲೆ ಮಲಗಿ, ನಾಲ್ಕೂ ಕಾಲು ಆಕಾಶಕ್ಕೆ. ಎರಡು ಬೆಡ್‌ರೂಮಿನ ಮನೆಯಲ್ಲೂ ಈ ನಾಯಿ ಆರಾಮಾಗಿ ಇರಬಲ್ಲದು. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ದಿನಾ ಎರಡು ಹೊತ್ತು, ಮಳೆ ಬರಲಿ ಬಿಸಿಲಿರಲಿ, ಹಗ್ಗ ಹಿಡಿದು ಹೊರಗೆ ಕರೆದೊಯ್ಯುವವರು ಯಾರು? ಮನೆಯಲ್ಲಿ ಬೆಕ್ಕು, ಕೋಳಿ, ಮೊಲ ಇವೆಯಾ? ಗೇಟು ತೆಗೆದರೆ ಮುಚ್ಚುವ ಅಭ್ಯಾಸ ಎಲ್ಲರಿಗೂ ಇದೆಯಾ?

ಇನ್ನೊಂದು ಮಾತು. ಸರಪಳಿ ಹಾಕಿ ಅಂಗಳದಲ್ಲಿ ಕಟ್ಟುವ ಕಾವಲು ನಾಯಿ ಬೇಕಿದ್ದರೆ ಇದನ್ನು ತರಬೇಡಿ. ಹೊಸಬರನ್ನು ಕಂಡರೆ ದೂರ ಸರಿಯುವ, ಗುರುತಿಲ್ಲದವರು ತಲೆ ಸವರಿದರೆ ಇಷ್ಟಪಡದ ನಾಯಿ ಇದು. ರಾತ್ರಿ ಸದ್ದಾದರೆ ಎದ್ದು ಬೊಗಳುತ್ತದೆ, ನಿಜ. ಆದರೆ ಕಟ್ಟಿ ಹಾಕಿದ ಮುಧೋಳ ನಾಯಿ ದಿನೇ ದಿನೇ ಅಂಜುಬುರುಕ ಆಗುತ್ತದೆ, ಇಲ್ಲವೇ ಸಿಡುಕಿ ಆಗುತ್ತದೆ. ಎರಡನ್ನೂ ನಾನು ನೋಡಿದ್ದೇನೆ.

ಅಪಾರ್ಟ್‌ಮೆಂಟ್‌ನವರು ನಿವಾಸಿಗಳ ಸಂಘಕ್ಕೆ ಹೆದರಬೇಕಿಲ್ಲ. ಸಾಕು ನಾಯಿಯನ್ನು ಪೂರ್ತಿ ನಿಷೇಧಿಸುವ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಲಿಫ್ಟಿನಲ್ಲಿ ಹಗ್ಗ ಗಿಡ್ಡ ಹಿಡಿಯುವುದು, ಗಲೀಜಾದರೆ ಎತ್ತುವುದು ನಮ್ಮ ಪಾಲಿನ ಕೆಲಸ.

ಹೆಜ್ಜೆ 2: ಮರಿ ಎಲ್ಲಿಂದ, ಹೇಗೆ

ರನ್ನನ ಊರು ಅಂತ ಪಠ್ಯದಲ್ಲಿ ಓದಿದ ಮುಧೋಳವೇ ಈ ನಾಯಿಯ ಊರು. ಬಾಗಲಕೋಟೆ ಜಿಲ್ಲೆ, ಘಟಪ್ರಭಾ ನದಿಯ ದಂಡೆ. ಅಲ್ಲಿನ ಅರಸ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಮುತುವರ್ಜಿಯಿಂದ ಬೆಳೆಸಿದರು. ಇಂಗ್ಲೆಂಡಿಗೆ ಹೋದಾಗ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಉಡುಗೊರೆ ಕೊಟ್ಟರಂತೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟ್ಯಾಂಪ್ ತಂದಿತು. ಆಮೇಲೆ ಸೇನೆಯವರೂ ಮರಿಗಳನ್ನು ಒಯ್ದು ತರಬೇತಿ ಕೊಟ್ಟರು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದ ಮೇಲಂತೂ ಯಾರನ್ನು ಕೇಳಿದರೂ ಮುಧೋಳ ಮರಿಯದೇ ಮಾತು. ಬೇಡಿಕೆ ಇದ್ದಲ್ಲಿ ಕಲಬೆರಕೆಯೂ ಇರುತ್ತದೆ.

ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ಬೀದರಿನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಮೊದಲು ಅಲ್ಲಿ ವಿಚಾರಿಸಿ. ಸುತ್ತಲಿನ ಹಳ್ಳಿಗಳಲ್ಲಿ ತಲೆಮಾರಿನಿಂದ ಈ ನಾಯಿ ಸಾಕುವ ರೈತ ಮನೆಗಳೂ ಇವೆ. ಎಲ್ಲಿಂದ ತಂದರೂ ಮೂರು ವಿಷಯ ಬಿಡಬೇಡಿ. ತಾಯಿ ನಾಯಿಯನ್ನು ಕಣ್ಣಾರೆ ನೋಡಿ. ತಾಯಿ ಮೂಲೆ ಸೇರಿ ನಡುಗುತ್ತಿದ್ದರೆ ಮರಿಗಳೂ ಹಾಗೇ ಬೆಳೆಯುವುದು ಜಾಸ್ತಿ. ಎಂಟು ವಾರ ತುಂಬದ ಮರಿಯನ್ನು ಒಯ್ಯಬೇಡಿ, ಮಾರುವುದೇ ನಿಯಮಕ್ಕೆ ವಿರುದ್ಧ. ಲಸಿಕೆ, ಜಂತುಹುಳದ ಔಷಧದ ಚೀಟಿ ಕೇಳಿ ಪಡೆಯಿರಿ.

ಕೂದಲು ಗಿಡ್ಡ ಇರುವುದು ಸಾಮಾನ್ಯ. ಕಿವಿ, ಬಾಲ, ಕಾಲಿಗೆ ರೇಷ್ಮೆಯಂಥ ಜೂಲು ಇರುವುದನ್ನು ಪಶ್ಮಿ ಅನ್ನುತ್ತಾರೆ. ತಳಿ ನೋಂದಾಯಿಸುವ ಕೆಲವು ಕೆನಲ್ ಕ್ಲಬ್‌ಗಳ ಕಾಗದಗಳಲ್ಲಿ ಮುಧೋಳ ಹೌಂಡ್ ಬದಲು ಕಾರವಾನ್ ಹೌಂಡ್ ಅಂತ ಬರೆದಿರುತ್ತದೆ, ಗಾಬರಿಯಾಗಬೇಡಿ, ಅದೂ ಇದೇ ತಳಿ.

ಹೆಜ್ಜೆ 3: ಮನೆ ಸಿದ್ಧ ಮಾಡಿ

ಮೊದಲು ಗೇಟು. ಸರಳುಗಳ ನಡುವೆ ಮರಿ ನುಸುಳುವಷ್ಟು ಜಾಗ ಇದ್ದರೆ ಜಾಲರಿ ಬಿಗಿಯಿರಿ. ಕಾಂಪೌಂಡು ಆರು ಅಡಿಯಾದರೂ ಇರಲಿ. ನಾಲ್ಕಡಿ ಗೋಡೆ ದೊಡ್ಡ ಮುಧೋಳ ನಾಯಿಗೆ ಲೆಕ್ಕಕ್ಕೇ ಇಲ್ಲ, ಅದೂ ಆ ಕಡೆ ಬೆಕ್ಕು ಕೂತಿದ್ದರೆ. ಮುಳ್ಳುತಂತಿ ಇದ್ದರೆ ತೆಗೆಸಿಬಿಡಿ. ಈ ನಾಯಿಯ ಚರ್ಮ ಹಳೆ ಪಂಚೆಯಷ್ಟು ತೆಳು. ಓಡುವ ರಭಸಕ್ಕೆ ಒಂದು ಮೊಳೆ ತಗುಲಿದರೂ ಗೇಣುದ್ದ ಹರಿಯುತ್ತದೆ.

ಗೇಟಿಗೆ ನಾವು ಒಂದು ಬೋರ್ಡು ಬರೆದು ಹಾಕಿದ್ದೆವು: "ರೊಟ್ಟಿ ಇದ್ದಾಳೆ. ಗೇಟು ಮುಚ್ಚಿ." ಮಳೆಗೆ ಕೊನೆಯ ಅಕ್ಷರಗಳು ಅಳಿಸಿಹೋಗಿ "ರೊಟ್ಟಿ ಇದೆ" ಅನ್ನುವ ಹಾಗೆ ಕಾಣತೊಡಗಿತು. ಒಂದು ಮಧ್ಯಾಹ್ನ ಇಬ್ಬರು ಬಂದು ಊಟಕ್ಕೆ ಎಷ್ಟು ಅಂತ ಕೇಳಿದರು. ಖಾನಾವಳಿ ಅಂದುಕೊಂಡಿದ್ದರು! ನೀವು ಪೇಂಟಿನಲ್ಲಿ ಬರೆಸಿ.

ಒಳಗೆ ಬೇಕಾದ್ದು ಮೆತ್ತನೆಯ ಹಾಸಿಗೆ. ಇದು ಮುದ್ದು ಮಾಡುವ ಮಾತಲ್ಲ. ಮೈಯಲ್ಲಿ ಕೊಬ್ಬು ಕಡಿಮೆ, ಮೂಳೆಯ ಮೇಲೆ ಚರ್ಮ ಅಷ್ಟೇ. ಬರೀ ನೆಲದ ಮೇಲೆ ಮಲಗಿದರೆ ಮೊಣಕೈ, ಸೊಂಟದ ಹತ್ತಿರ ದಡ್ಡುಗಟ್ಟಿ ಹುಣ್ಣಾಗುತ್ತದೆ. ಹಳೆಯ ಹತ್ತಿ ಗಾದಿಯನ್ನು ಅರ್ಧಕ್ಕೆ ಮಡಚಿ, ಮೇಲೆ ಒಂದು ಕೌದಿ ಹಾಕಿದರೆ ಸಾಕು. ಟೈಲ್ಸ್ ನೆಲ ಜಾರುತ್ತದೆ. ಮರಿ ಓಡಾಡುವ ದಾರಿಯಲ್ಲಿ ಚಾಪೆಯೋ ಗೋಣಿತಾಟೋ ಹಾಸಿ.

ಮೆಲ್ಬರ್ನ್‌ನಲ್ಲಿರುವ ನಮ್ಮ ಸೋದರತ್ತೆ ಮಗ ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್ ಸಾಕಿದ್ದಾನೆ. ಅದಕ್ಕೆ ಮೆಟ್ಟಿಲು ಅಂದರೇನು, ಗಾಜಿನ ಬಾಗಿಲು ಅಂದರೇನು ಅಂತಲೇ ಗೊತ್ತಿರಲಿಲ್ಲವಂತೆ. ಬದುಕೆಲ್ಲ ಕೆನಲ್ಲಿನಲ್ಲೇ ಕಳೆದಿತ್ತು. ಗಾಜಿಗೆ ಟೇಪ್ ಅಂಟಿಸಿ, ಒಂದೊಂದೇ ಮೆಟ್ಟಿಲು ಕಾಲಿಟ್ಟು ಕಲಿಸಿದ. ದೊಡ್ಡ ನಾಯಿಯನ್ನು ದತ್ತು ತಂದವರೆಲ್ಲ ಇದನ್ನು ನೆನಪಿಡಿ. ಬೆಳೆದ ನಾಯಿ ಅಂದರೆ ಎಲ್ಲ ಗೊತ್ತಿರುತ್ತದೆ ಅಂತಲ್ಲ.

ಹೆಜ್ಜೆ 4: ಕಾಲರ್, ಹಗ್ಗ, ಮತ್ತು ಆ ನಲವತ್ತು ನಿಮಿಷ

ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ನಾವು ಪೆಟ್ಟು ತಿಂದು ಕಲಿತ ಪಾಠ ಇದೊಂದೇ.

ರೊಟ್ಟಿಗೆ ಆಗ ಒಂದು ವರ್ಷ. ಎಲ್ಲರ ಹಾಗೆ ಅಂಗಡಿಯಲ್ಲಿ ಸಿಗುವ ಬಕಲ್ ಕಾಲರ್ ಹಾಕಿದ್ದೆ, ಎರಡು ಬೆರಳು ಹೋಗುವಷ್ಟು ಸಡಿಲ. ಬೆಳಿಗ್ಗೆ ಆರೂವರೆ. ತಿರುವಿನಲ್ಲಿ ಒಂದು ಬೆಕ್ಕು ಸ್ಕೂಟರಿನ ಕೆಳಗಿಂದ ಹೊರಬಂತು. ರೊಟ್ಟಿ ಮುಂದಕ್ಕೆ ಜಿಗಿಯಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದಳು, ತಲೆ ತಗ್ಗಿಸಿದಳು, ಅಷ್ಟೇ. ನನ್ನ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಖಾಲಿ ಕಾಲರ್. ಬಕಲ್ ಹಾಕಿದ ಹಾಗೇ ಇತ್ತು. ನಾನು "ರೊಟ್ಟೀ" ಅನ್ನುವಷ್ಟರಲ್ಲಿ ಅವಳು ಬೀದಿಯ ಕೊನೆ ದಾಟಿದ್ದಳು.

ಕಾರಣ ಸರಳ. ಈ ನಾಯಿಗಳ ಕತ್ತು ತಲೆಗಿಂತ ದಪ್ಪ. ಸಾಮಾನ್ಯ ಕಾಲರ್ ಕಿವಿ ದಾಟಿ ಸಲೀಸಾಗಿ ಜಾರಿಬಿಡುತ್ತದೆ. ಇವಕ್ಕೆ ಬೇಕಾದ್ದು ಮಾರ್ಟಿಂಗೇಲ್ ಕಾಲರ್. ಅದರಲ್ಲಿ ಎರಡು ಬಳೆ ಇರುತ್ತವೆ. ನಾಯಿ ಹಿಂದಕ್ಕೆ ಎಳೆದರೆ ಚಿಕ್ಕ ಬಳೆ ದೊಡ್ಡದನ್ನು ಬಿಗಿ ಮಾಡುತ್ತದೆ, ಉಸಿರು ಕಟ್ಟಿಸುವಷ್ಟು ಅಲ್ಲ, ತಲೆ ಜಾರದಷ್ಟು. ಅಗಲ ಒಂದೂವರೆಯಿಂದ ಎರಡು ಇಂಚು ಇರಲಿ, ತೆಳು ಪಟ್ಟಿ ಉದ್ದನೆಯ ಕತ್ತಿಗೆ ಒತ್ತುತ್ತದೆ. ಜತೆಗೆ ಎದೆಗೆ ಸರಿಯಾಗಿ ಕೂರುವ ಹಾರ್ನೆಸ್ ಇದ್ದರೆ ಇನ್ನೂ ಒಳ್ಳೆಯದು. ಬಟನ್ ಒತ್ತಿದರೆ ಉದ್ದವಾಗುವ ಹಗ್ಗ ಬರುತ್ತದಲ್ಲ, ಅದು ಬೇಡವೇ ಬೇಡ. ಐದು ಮೀಟರ್ ಓಡಿ ವೇಗ ಹಿಡಿದ ನಾಯಿ ಹಗ್ಗದ ಕೊನೆಗೆ ಬಂದಾಗ ಬೀಳುವ ಎಳೆತಕ್ಕೆ ಕತ್ತಿಗೂ ಪೆಟ್ಟು, ನಿಮ್ಮ ಭುಜಕ್ಕೂ ಪೆಟ್ಟು.

ರೊಟ್ಟಿ ಸಿಕ್ಕಿದ್ದು ನಲವತ್ತು ನಿಮಿಷದ ಮೇಲೆ, ಕೆಲಗೇರಿ ಕೆರೆಯ ಏರಿ ಮೇಲೆ, ನಾಲಿಗೆ ಚಾಚಿಕೊಂಡು. ಅಷ್ಟು ಹೊತ್ತು ನಾನು ಮಾಡಿದ್ದೆಲ್ಲ ತಪ್ಪೇ. ಕೂಗುತ್ತಾ ಬೆನ್ನಟ್ಟಿದೆ. ನಾಲ್ಕು ಹುಡುಗರನ್ನು ಕರೆದು ಸುತ್ತುವರಿಸಿದೆ. ಬೆನ್ನಟ್ಟಿದಷ್ಟೂ ಅದು ಆಟ ಅಂದುಕೊಳ್ಳುತ್ತದೆ, ಇಲ್ಲವೇ ಬೆದರಿ ಇನ್ನೂ ದೂರ ಓಡುತ್ತದೆ. ಓಟದಲ್ಲಿ ಅದನ್ನು ಮೀರಿಸುವ ಮನುಷ್ಯ ಇನ್ನೂ ಹುಟ್ಟಿಲ್ಲ. ಹಗ್ಗ ತಪ್ಪಿದರೆ ಮಾಡಬೇಕಾದ್ದು ಹೀಗೆ: ನಿಂತಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡಿ. ಅದರ ಕಡೆ ನೇರ ನೋಡಬೇಡಿ. ಅದಕ್ಕೆ ಕೇಳುವ ಹಾಗೆ ತಿಂಡಿ ಡಬ್ಬಿ ಅಲ್ಲಾಡಿಸಿ. ಆಗಲೂ ಬರದೆ ದೂರದಲ್ಲೇ ಕಾಣುತ್ತಿದ್ದರೆ ಅದರ ಕಡೆಗಲ್ಲ, ಎದುರು ದಿಕ್ಕಿಗೆ ಓಡಿ, ಅದೇ ನಿಮ್ಮನ್ನು ಅಟ್ಟಿಕೊಂಡು ಬರಬಹುದು. ಕಣ್ಮರೆಯಾಗಿದ್ದರೆ ಒಬ್ಬರು ಅದು ತಪ್ಪಿಸಿಕೊಂಡ ಜಾಗದಲ್ಲೇ ಇರಿ. ಎಷ್ಟೋ ಸಲ ಅಲ್ಲಿಗೇ ವಾಪಸ್ ಬರುತ್ತದೆ. ಬಂದ ಮೇಲೆ, ನಿಮಗೆಷ್ಟೇ ಸಿಟ್ಟಿರಲಿ, ಬೈಯಬೇಡಿ. ಬಂದಿದ್ದಕ್ಕೆ ಬೈದರೆ ಮುಂದಿನ ಸಲ ಬರುವುದಿಲ್ಲ.

ಕಾಲರ್ ಮೇಲೆ ಫೋನ್ ನಂಬರ್ ಕೆತ್ತಿದ ಬಿಲ್ಲೆ ಇರಲಿ. ಚರ್ಮದ ಕೆಳಗೆ ಗುರುತಿನ ಮೈಕ್ರೋಚಿಪ್ ಹಾಕಿಸಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 5: ಓಡಿಸುವುದು

ಹಗ್ಗದಲ್ಲಿ ನಡೆದರೆ ಹೊಟ್ಟೆ ತುಂಬುವುದಿಲ್ಲ, ಇವಕ್ಕೆ ಓಡಬೇಕು. ಆದರೆ ಓಟ ಅಂದರೆ ಗಂಟೆಗಟ್ಟಲೆ ಅಲ್ಲ. ವಾರಕ್ಕೆ ಮೂರು ನಾಲ್ಕು ಸಲ, ಸುತ್ತ ಬೇಲಿ ಇರುವ ಜಾಗದಲ್ಲಿ ಐದು ಹತ್ತು ನಿಮಿಷ ಸಾಕು. ರಜೆ ದಿನ ಶಾಲೆಯ ಮೈದಾನ, ಪರಿಚಿತರ ತೋಟ, ಬೇಲಿ ಹಾಕಿದ ಖಾಲಿ ಸೈಟು, ಎಲ್ಲಾದರೂ ಒಪ್ಪಿಗೆ ಕೇಳಿ ಹೊಂದಿಸಿಕೊಳ್ಳಿ. ಮೊದಲು ನೀವೇ ಒಂದು ಸುತ್ತು ನಡೆದು ಗಾಜು, ತಂತಿ, ಹೊಂಡ ನೋಡಿ. ಗೇಟಿನ ಹತ್ತಿರ ಒಬ್ಬರನ್ನು ನಿಲ್ಲಿಸಿ.

ಬಿಟ್ಟ ಮೇಲೆ ಸುಮ್ನೆ ನಿಂತು ನೋಡಿ. ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಹಿಂಗಾಲು ಮುಂಗಾಲನ್ನೂ ದಾಟಿ ಮುಂದೆ ಬರುತ್ತದೆ, ಮತ್ತೆ ಮೈ ಪೂರ್ತಿ ಚಾಚಿಕೊಳ್ಳುತ್ತದೆ. ಒಂದೊಂದು ನೆಗೆತದಲ್ಲೂ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ನಮ್ಮ ಕಡೆಯ ಎರೆ ಮಣ್ಣಿನಲ್ಲಿ ಓಡಿದಾಗ ಹಿಂದೆ ಧೂಳಿನ ಗೆರೆ ಏಳುತ್ತದೆ. ಧೂಳು ನೆಲಕ್ಕೆ ಕೂರುವ ಮುಂಚೆ ಅವಳು ತಿರುಗಿ ನಮ್ಮ ಪಕ್ಕ ಬಂದು ನಿಂತಿರುತ್ತಾಳೆ.

ಒಂದು ವರ್ಷ ತುಂಬುವವರೆಗೆ ಸೈಕಲ್ ಪಕ್ಕ ಓಡಿಸುವುದು, ಎತ್ತರದಿಂದ ಜಿಗಿಸುವುದು ಬೇಡ. ಉದ್ದ ಮೂಳೆಗಳು ಇನ್ನೂ ಎಳೆಯವು. ಮಧ್ಯಾಹ್ನ ಓಟ ಬೇಡ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ಡಾಂಬರಿನ ಮೇಲೆ ಅಂಗೈ ಐದಾರು ಸೆಕೆಂಡ್ ಇಡಲಾಗದಿದ್ದರೆ ಅದರ ಪಾದಕ್ಕೂ ಆಗದು.

ಕರೆದಾಗ ಬರುವುದನ್ನು ಖಂಡಿತ ಕಲಿಸಿ. ಮನೆಯೊಳಗೆ ಶುರು ಮಾಡಿ, ಆಮೇಲೆ ಅಂಗಳ, ಆಮೇಲೆ ಮೈದಾನ. ಒಂದು ಸೀಟಿ, ಒಂದೇ ರೀತಿಯ ಸದ್ದು, ಬಂದ ಕೂಡಲೇ ಬೇಯಿಸಿದ ಕೋಳಿಯ ಚೂರು. ರೊಟ್ಟಿ ಹತ್ತರಲ್ಲಿ ಒಂಬತ್ತು ಸಲ ಬರುತ್ತಾಳೆ. ಹತ್ತನೆಯ ಸಲ ಅವಳ ಕಣ್ಣಿಗೆ ಏನೋ ಬಿದ್ದಿರುತ್ತದೆ, ಆಗ ಕಿವಿ ಕೆಲಸ ಮಾಡುವುದಿಲ್ಲ. ಆ ಒಂದು ಸಲಕ್ಕಾಗಿಯೇ ರಸ್ತೆ ಇರುವಲ್ಲಿ ಹಗ್ಗ ಬಿಚ್ಚಬಾರದು. "ನಮ್ಮ ನಾಯಿ ಹಾಗಲ್ಲ" ಅನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಯಾರಾದರೂ "ಮೊಲಕ್ಕೆ ಹೋಗೋಣ, ನಾಯಿ ತಗೊಂಡು ಬಾ" ಅಂದರೆ ಹೋಗಬೇಡಿ. ಕಾಡು ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆಸೆ ತೀರಿಸಲು ಉದ್ದ ಕೋಲಿಗೆ ಹಗ್ಗ ಕಟ್ಟಿ, ತುದಿಗೆ ಹಳೆ ಬಟ್ಟೆ ಕಟ್ಟಿ ನೆಲದ ಮೇಲೆ ಎಳೆದಾಡಿ. ಅದನ್ನೇ ಬೇಟೆಯಾಡಿ ಖುಷಿಪಡುತ್ತದೆ. ಕೊನೆಯಲ್ಲಿ ಹಿಡಿಯಲು ಬಿಡಿ, ಇಲ್ಲದಿದ್ದರೆ ಅದಕ್ಕೆ ತಲೆ ಕೆಡುತ್ತದೆ.

ಹೆಜ್ಜೆ 6: ಊಟ, ಮತ್ತು "ಏನ್ರೀ, ಊಟ ಹಾಕಲ್ವಾ?"

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕಂದರೆ ಈ ಮಾತು ಕೇಳದ ದಿನ ಇರುವುದಿಲ್ಲ. ಆರೋಗ್ಯವಾದ ಮುಧೋಳ ನಾಯಿಗೆ ಕೊನೆಯ ಎರಡು ಮೂರು ಪಕ್ಕೆಲುಬು ಕಾಣಬೇಕು. ಮೇಲಿಂದ ನೋಡಿದರೆ ಸೊಂಟ ಒಳಸರಿದಿರಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಮೇಲೇರಿರಬೇಕು. ಬೆನ್ನುಮೂಳೆ ಗರಗಸದ ಹಲ್ಲಿನ ಹಾಗೆ ಎದ್ದು ಕಂಡರೆ, ತೊಡೆಯ ಮಾಂಸ ಕರಗಿದ್ದರೆ ಮಾತ್ರ ಚಿಂತೆ ಮಾಡಿ. ದೊಡ್ಡ ನಾಯಿಯ ತೂಕ ಸಾಮಾನ್ಯವಾಗಿ 20ರಿಂದ 28 ಕಿಲೋ. ನಮ್ಮ ರೊಟ್ಟಿ 23. ಒಬ್ಬ ವೈದ್ಯರು ಅವಳನ್ನು ಮುಟ್ಟಿ ನೋಡುವ ಮುಂಚೆಯೇ ತೂಕ ಹೆಚ್ಚಿಸುವ ಟಾನಿಕ್ ಬರೆದುಕೊಟ್ಟಿದ್ದರು. ಆ ಚೀಟಿ ಇನ್ನೂ ಫೈಲಿನಲ್ಲಿದೆ, ಟಾನಿಕ್ ತರಲಿಲ್ಲ.

ಮುಧೋಳದ ಹಳ್ಳಿಗಳಲ್ಲಿ ಈ ನಾಯಿಗಳು ಜೋಳ, ಗೋವಿನಜೋಳ, ಹಾಲಿನ ಮೇಲೆ ಬೆಳೆದವು. ಅದಕ್ಕೇ ನಮ್ಮ ಮನೆ ಊಟ ಸರಿಹೋಗುತ್ತದೆ. ಆದರೆ ಬರೀ ರೊಟ್ಟಿ ಹಾಲು ಸಾಲದು, ಓಡುವ ಮೈಗೆ ಮಾಂಸವೋ ಮೊಟ್ಟೆಯೋ ಬೇಕು. ನಮ್ಮ ಲೆಕ್ಕ ಹೀಗಿದೆ: ಬೆಳಿಗ್ಗೆ ಎರಡು ಜೋಳದ ರೊಟ್ಟಿ ಚೂರು ಮಾಡಿ, ಮೊಸರು, ಬೇಯಿಸಿದ ಮೊಟ್ಟೆ ಒಂದು ಅಥವಾ ಎರಡು. (ಹೌದು, ರೊಟ್ಟಿ ರೊಟ್ಟಿ ತಿನ್ನುತ್ತಾಳೆ. ಈ ಜೋಕ್ ನಮ್ಮ ಮನೆಯಲ್ಲಿ ಏಳು ವರ್ಷದಿಂದ ನಡೆಯುತ್ತಿದೆ.) ಸಂಜೆ ಮೂಳೆ ತೆಗೆದ ಬೇಯಿಸಿದ ಕೋಳಿ ಕಾಲು ಕಿಲೋ, ಸ್ವಲ್ಪ ಅನ್ನ ಅಥವಾ ರಾಗಿ ಮುದ್ದೆ, ಕುಂಬಳಕಾಯಿ ಇಲ್ಲವೇ ಗಜ್ಜರಿ. ಮಾಂಸ ತರದ ಮನೆಯವರು ಒಳ್ಳೆಯ ಒಣ ಆಹಾರವನ್ನು ಆಧಾರ ಮಾಡಿಕೊಂಡು ಮೊಟ್ಟೆ, ಪನೀರ್, ಮೊಸರು ಸೇರಿಸುವುದು ವಾಸಿ. ಮರಿಗೆ ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಹಾಕಿ.

ಒಂದೇ ಹೊತ್ತು ಜಾಸ್ತಿ ಹಾಕುವ ಹಳೆಯ ಪದ್ಧತಿ ಬೇಡ. ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯ ಇದೆ. ಊಟಕ್ಕೆ ಹಿಂದೆ ಮುಂದೆ ಒಂದೊಂದು ಗಂಟೆ ಓಟ ಬೇಡ. ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿ ಏನೂ ಬರದೆ, ನಿಂತಲ್ಲಿ ನಿಲ್ಲಲಾಗದೆ ಚಡಪಡಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಹೊರಡಿ.

ಕೊಡಬಾರದ್ದು: ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ದ್ರಾಕ್ಷಿ, ಬೇಯಿಸಿದ ಮೂಳೆ. ದ್ರಾಕ್ಷಿ ನಾವು ಕೊಡುವುದಿಲ್ಲ ಅನ್ನುತ್ತೀರಿ, ಆದರೆ ಪಾಯಸ, ಕೇಸರಿಬಾತಿನಲ್ಲಿ ಒಣದ್ರಾಕ್ಷಿ ಇರುತ್ತದೆ. ಹಬ್ಬದ ದಿನ ಅಜ್ಜಿಯಂದಿರ ಕೈ ಮೇಲೆ ಒಂದು ಕಣ್ಣಿಡಿ.

ಹೆಜ್ಜೆ 7: ಮಕ್ಕಳು, ಬೆಕ್ಕು, ಬೀದಿ ನಾಯಿ

ಮಕ್ಕಳ ಜತೆ ಈ ನಾಯಿ ಮೃದು. ತೊಂದರೆ ಬರುವುದು ಮಲಗಿದ್ದಾಗ. ಗಾಢವಾಗಿ ಮಲಗುತ್ತದೆ, ಕೆಲವೊಮ್ಮೆ ಕಣ್ಣು ಅರ್ಧ ತೆರೆದೇ ಇರುತ್ತದೆ. ಎದ್ದಿದೆ ಅಂದುಕೊಂಡು ಮಗು ಮೇಲೆ ಬಿದ್ದರೆ ಬೆಚ್ಚಿ ಬಾಯಿ ಹಾಕಬಹುದು. ನಮ್ಮ ಮನೆಯ ನಿಯಮ ಒಂದೇ: ಗಾದಿಯ ಮೇಲಿದ್ದರೆ ಮುಟ್ಟುವ ಹಾಗಿಲ್ಲ, ದೂರದಿಂದ ಹೆಸರು ಕರೆ, ಅವಳೇ ಬರಲಿ. ಮೂರು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ. ಐದು ವರ್ಷದ ಒಳಗಿನ ಮಗುವನ್ನೂ ನಾಯಿಯನ್ನೂ ಇಬ್ಬರನ್ನೇ ಬಿಟ್ಟು ಒಳಗೆ ಹೋಗಬೇಡಿ. ಇದು ಎಲ್ಲ ನಾಯಿಗೂ ಅನ್ವಯ. ಮಕ್ಕಳ ಕೈಗೆ ಹಗ್ಗ ಕೊಡಬೇಡಿ, 23 ಕಿಲೋ ಒಮ್ಮೆಲೇ ಹೊರಟರೆ ಮಗು ನೆಲದ ಮೇಲಿರುತ್ತದೆ.

ಬೆಕ್ಕಿನ ಜತೆ ಮರಿಯಿಂದ ಬೆಳೆದರೆ ಮನೆಯ ಬೆಕ್ಕನ್ನು ಒಪ್ಪಿಕೊಳ್ಳಬಹುದು. ತಮಾಷೆ ಏನಂದರೆ, ಅದೇ ಬೆಕ್ಕು ಅಂಗಳದಲ್ಲಿ ಓಡಿದರೆ ಅಟ್ಟಿಬಿಡುತ್ತದೆ. ಓಡುವುದೆಲ್ಲ ಅದರ ಕಣ್ಣಿಗೆ ಬೇಟೆಯೇ. ಪಕ್ಕದ ಮನೆಯ ಕೋಳಿ ವಿಷಯದಲ್ಲಿ ನನ್ನ ಅನುಭವ ಕೇಳಬೇಡಿ, ದುಡ್ಡು ಕೊಟ್ಟು ಕೈಮುಗಿದು ಬಂದಿದ್ದೇನೆ.

ಬೀದಿ ನಾಯಿಗಳು ಗುಂಪಾಗಿ ಬಂದರೆ ಈ ತೆಳು ಚರ್ಮದ್ದಕ್ಕೇ ಜಾಸ್ತಿ ಗಾಯ. ದಾರಿ ಬದಲಿಸಿ. ನಿಮ್ಮ ಬೀದಿಯ ನಾಯಿಗಳ ಪರಿಚಯ ಮಾಡಿಕೊಂಡು ಆಗಾಗ ಬಿಸ್ಕತ್ತು ಹಾಕಿ. ಕೋಲಿಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಹೆಜ್ಜೆ 8: ವೈದ್ಯರಿಗೆ ನೀವೇ ಹೇಳಬೇಕಾದ್ದು

ಲಸಿಕೆ ಎಲ್ಲ ನಾಯಿಗಳ ಹಾಗೇ. ಆರರಿಂದ ಎಂಟು ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ ನಾಲ್ಕು ತಿಂಗಳವರೆಗೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಮುಂದೆ ವೈದ್ಯರು ಹೇಳಿದ ಹಾಗೆ. ಜಂತುಹುಳದ ಔಷಧ ಮರಿಗೆ ಬೇಗ ಬೇಗ, ದೊಡ್ಡದಕ್ಕೆ ಮೂರು ತಿಂಗಳಿಗೊಮ್ಮೆ.

ಬೇರೆಯಾಗುವುದು ಅರಿವಳಿಕೆಯ ವಿಷಯದಲ್ಲಿ. ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಅರಿವಳಿಕೆ ಔಷಧಗಳನ್ನು ಇವುಗಳ ಲಿವರ್ ನಿಧಾನವಾಗಿ ಕರಗಿಸುತ್ತದೆ. ಗ್ರೇಹೌಂಡ್‌ಗಳಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಥಯೋಪೆಂಟಲ್ ಥರದ ಹಳೆಯ ಔಷಧ ಕೊಟ್ಟರೆ ಎಚ್ಚರವಾಗಲು ಗಂಟೆಗಟ್ಟಲೆ ಬೇಕಾಗುತ್ತದೆ. ಸಂತಾನಹರಣ ಆಪರೇಷನ್ ಇರಲಿ, ಹಲ್ಲು ತೆಗೆಸುವುದಿರಲಿ, "ಇದು ಸೈಟ್‌ಹೌಂಡ್, ಯಾವ ಅರಿವಳಿಕೆ ಕೊಡ್ತೀರಿ?" ಅಂತ ಮೊದಲೇ ಕೇಳಿ. ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ. ಆಪರೇಷನ್ ಆದ ಮೇಲೆ ಮೈ ಬೇಗ ತಣ್ಣಗಾಗುತ್ತದೆ, ಕಂಬಳಿ ಒಯ್ಯಿರಿ.

ಎರಡನೆಯದು ಉಣ್ಣೆ ಜ್ವರ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರ. ನಮ್ಮ ಕಡೆ ಇದರ ಕಾಟ ಜಾಸ್ತಿ. ಊಟ ಬಿಟ್ಟರೆ, ಒಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ ಅವತ್ತೇ ತೋರಿಸಿ. ಈ ಜ್ವರದಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿಯುತ್ತದೆ. ಆದರೆ ಗ್ರೇಹೌಂಡ್‌ಗಳಲ್ಲಿ ಪ್ಲೇಟ್‌ಲೆಟ್ ಸಹಜವಾಗಿಯೇ ಸ್ವಲ್ಪ ಕಡಿಮೆ, ಕೆಂಪು ರಕ್ತಕಣ ಜಾಸ್ತಿ ಇರುತ್ತವೆ. ಹಾಗಾಗಿ ಈ ಬಳಗದ ನಾಯಿಯ ರಿಪೋರ್ಟ್ ಓದುವಾಗ ಗೊಂದಲವಾಗಬಹುದು. ನಾಯಿ ಆರೋಗ್ಯವಾಗಿದ್ದಾಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಆ ಕಾಗದ ಇಟ್ಟುಕೊಳ್ಳಿ. ಮುಂದೆ ಜ್ವರ ಬಂದಾಗ ಹೋಲಿಸಿ ನೋಡಲು ಒಂದು ಆಧಾರ ಸಿಗುತ್ತದೆ. ಉಣ್ಣೆ ಹುಡುಕುವುದು ಸುಲಭ, ಗಿಡ್ಡ ಕೂದಲು. ಹೊರಗಿಂದ ಬಂದಾಗ ಕಿವಿಯ ಒಳಗೆ, ಬೆರಳ ಸಂದಿ, ಕಾಲರಿನ ಕೆಳಗೆ ಕೈಯಾಡಿಸಿ.

ಗಾಯವಾದರೆ ಸ್ವಚ್ಛ ನೀರಿನಿಂದ ತೊಳೆದು, ಒದ್ದೆ ಬಟ್ಟೆ ಮುಚ್ಚಿ, ಹೊಲಿಗೆಗೆ ಕರೆದೊಯ್ಯಿರಿ. ಅರಿಶಿನ ತುಂಬಬೇಡಿ, ಆಮೇಲೆ ವೈದ್ಯರಿಗೆ ಅದನ್ನು ತೆಗೆಯುವುದೇ ಕೆಲಸವಾಗುತ್ತದೆ. ಬಾಲದ ತುದಿಯನ್ನೂ ಗಮನಿಸಿ. ಖುಷಿಗೆ ಗೋಡೆಗೆ ಬಡಿದು ಬಡಿದು ರಕ್ತ ಬರಿಸಿಕೊಳ್ಳುವ ನಾಯಿಗಳಿವೆ. ನೋವಿಗೆ ಅಂತ ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆ ಕೊಡಬೇಡಿ, ಜೀವಕ್ಕೇ ಅಪಾಯ.

ಸ್ನಾನ ತಿಂಗಳಿಗೊಮ್ಮೆ ಸಾಕು. ವಾರಕ್ಕೊಮ್ಮೆ ರಬ್ಬರ್ ಬ್ರಷ್. ಉಗುರು ಮಾತ್ರ ಬೆಳೆಯಲು ಬಿಡಬೇಡಿ, ಓಡುವಾಗ ಕಿತ್ತುಬರುತ್ತದೆ. ಹಲ್ಲು ಉಜ್ಜುವುದನ್ನು ಮರಿಯಿದ್ದಾಗಲೇ ಅಭ್ಯಾಸ ಮಾಡಿಸಿ.

ಹೆಜ್ಜೆ 9: ದೀಪಾವಳಿ, ಚಳಿ, ಊರಿಗೆ ಹೋಗುವ ದಿನ

ಪಟಾಕಿ ಸದ್ದಿಗೆ ಎಷ್ಟೋ ನಾಯಿಗಳು ಕಳೆದುಹೋಗುತ್ತವೆ. ಓಡುವ ತಳಿ ಹೋದರೆ ಬೇರೆ ಊರಿಗೇ ಹೋಗಿರುತ್ತದೆ. ಆ ಮೂರು ದಿನ ಸಂಜೆ ಐದರೊಳಗೆ ಹೊರಗಿನ ಕೆಲಸ ಮುಗಿಸಿ. ಕಾಲರಿಗೊಂದು, ಹಾರ್ನೆಸಿಗೊಂದು, ಎರಡು ಹಗ್ಗ ಹಾಕಿ. ರಾತ್ರಿ ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ. ರೊಟ್ಟಿ ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ, ನಾವು ಎಳೆಯಲು ಹೋಗುವುದಿಲ್ಲ.

ಧಾರವಾಡದ ಡಿಸೆಂಬರ್ ಚಳಿಗೆ ಅವಳು ನಡುಗುತ್ತಾಳೆ. ಕೋಟು ಕೊಳ್ಳಬೇಕಿಲ್ಲ. ಮಗನ ಹಳೆ ಸ್ವೆಟರಿನ ತೋಳು ಅರ್ಧಕ್ಕೆ ಕತ್ತರಿಸಿ, ಮುಂಗಾಲು ಅದರೊಳಗೆ ತೂರಿಸಿ, ಹೊಟ್ಟೆಯ ಹತ್ತಿರ ಒಂದು ಗಂಟು ಹಾಕುತ್ತೇವೆ. ಅಷ್ಟೇ. ಮುಪ್ಪು ಬಂದ ಮೇಲೆ ಈ ಚಳಿ ಇನ್ನೂ ಜಾಸ್ತಿ ಕಾಡುತ್ತದೆ, ಹಿಂಗಾಲು ಬಿಗಿಯುತ್ತದೆ. ಆಗ ಗಾದಿ ಇನ್ನೊಂದು ಮಡಿಕೆ ದಪ್ಪ ಮಾಡಿ, ಓಟ ಕಡಿಮೆ ಮಾಡಿ, ನಡಿಗೆ ಮಾತ್ರ ಬಿಡಬೇಡಿ.

ನೀವು ಊರಿಗೆ ಹೋಗಬೇಕಾಗಿ ಬಂದು, ನಾಯಿಯನ್ನು ಬೇರೆಯವರ ಹತ್ತಿರ ಬಿಟ್ಟರೆ, ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿ ಅಲ್ಲೇ. ಅವರಿಗೆ ಈ ನಾಯಿಯ ಕಣ್ಣು ಗೊತ್ತಿರುವುದಿಲ್ಲ. ನಾವು ಒಂದು ಹಾಳೆಯಲ್ಲಿ ನಾಲ್ಕೇ ಸಾಲು ಬರೆದು ಅವರ ಫ್ರಿಜ್ಜಿಗೆ ಅಂಟಿಸಿ ಬರುತ್ತೇವೆ. ಹಗ್ಗ ಬಿಚ್ಚಬೇಡಿ. ಬಾಗಿಲು ತೆಗೆಯುವ ಮುಂಚೆ ರೊಟ್ಟಿ ಎಲ್ಲಿದ್ದಾಳೆ ನೋಡಿ. ಈರುಳ್ಳಿ ಹಾಕಿದ್ದು ಕೊಡಬೇಡಿ. ಓಡಿದರೆ ಬೆನ್ನಟ್ಟಬೇಡಿ, ಕೂತುಕೊಂಡು ನಮಗೆ ಫೋನ್ ಮಾಡಿ.